ಮೇಸ್ತ್ರಿ ತಮ್ಮಿಷ್ಟಕ್ಕೆ ಇಟ್ಟ ಮೆಟ್ಟಿಲು

“ಅಯ್ಯಯ್ಯೋ ಅಕ್ಕಾ, ಈ ಮೆಟ್ಲು ಬಿದ್ದೋಯ್ತದೆ!” ಎಂದು ಸಿದ್ದಪ್ಪ ಮೇಸ್ತ್ರಿ ಕಂಪ್ಯೂಟರಿಗೇ ಕೈ ಅಡ್ಡ ಹಿಡಿದರು. ಪಾಂಡವಪುರದ ನಮ್ಮ ಮನೆಗೆ ಬಚ್ಚಲ ಗಾರೆ ಸರಿಮಾಡಲು ಬಂದವರು ಕಾಫಿ ಕುಡಿಯುತ್ತ ನನ್ನ ಹಿಂದೆ ನಿಂತಿದ್ದರು. ಮನೆ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ನಾನು ಎಂದಿನಂತೆ ಬರೀ ಖುಷಿಗೆ ಬೆಟ್ಟದ ನೆತ್ತಿಯಲ್ಲೊಂದು ಗಾಜಿನ ಮನೆ ಕಟ್ಟುತ್ತಿದ್ದೆ. ನಡುಮನೆಯಲ್ಲಿ ಜಲಪಾತ, ಅದರ ಮೇಲೆ ಆಧಾರವೇ ಇಲ್ಲದ ಮೆಟ್ಟಿಲು.

“ಇಲ್ಲೇನೂ ಬೀಳಲ್ಲ ಮೇಸ್ತ್ರಿ. ನಿಮ್ಮಿಷ್ಟದ್ದು ಹೇಳಿ, ಕಟ್ಟೋಣ” ಎಂದೆ.

ಮೂವತ್ತು ವರ್ಷದಿಂದ ಮನೆ ಕಟ್ಟುತ್ತಿದ್ದರೂ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲವಂತೆ. ಅವರು ಲೋಟ ಕೆಳಗಿಟ್ಟರು.

“ಮನೆ ಒಳ್ಗೊಂದು ಒಂಗೇಮರ ಮಡಗಿ. ಅದ್ರ ಸುತ್ತ ಮೆಟ್ಲು ಸುತ್ಕೊಂಡು ಮ್ಯಾಕ್ಕೋಗ್ಲಿ. ಎಷ್ಟ್ ಜನಕ್ ಏಳ್ದೆ ಅಕ್ಕಾ, ಎಲ್ಲಾ ಮರ ಕಡುಸ್ಬುಟ್ರು.”

ಸಾಫ್ಟ್‌ವೇರಿನಲ್ಲಿ ಹೊಂಗೆ ಇರಲಿಲ್ಲ, ಯಾವುದೋ ವಿಲಾಯಿತಿ ಮರ ನೆಟ್ಟೆ. ಅವರು “ಲಾಭ, ನಷ್ಟ” ಎಂದು ಒಂದೊಂದೇ ಮೆಟ್ಟಿಲು ಎಣಿಸಿ, ಕೊನೆಯದು ಲಾಭವೇ ಆಗಬೇಕೆಂಬ ವಾಡಿಕೆಯಂತೆ ಇಪ್ಪತ್ತೊಂದನೆಯದಕ್ಕೆ ಲಾಭ ಬಂದಾಗ ನಿಲ್ಲಿಸಿದರು. ಚಿತ್ರವನ್ನು ತಿರುಗಿಸಿ, ಮೇಲಿನ ಮೆಟ್ಟಿಲಿನಿಂದ ತೋರಿಸಿದೆ.

“ನಿಂತ್ಕತು ಕಣಕ್ಕಾ! ನೋಡಿ, ಎಲೆ ಕೈಗೇ ಸಿಕ್ತದೆ!” ಎಂದು ಕುಣಿದೇಬಿಟ್ಟರು.

ಅದನ್ನು ಅಚ್ಚು ಹಾಕಿಸಿ ಕೊಟ್ಟೆ. ಹೊಸ ಕೆಲಸ ಹಿಡಿಯುವ ಕಡೆಯೆಲ್ಲ ತೋರಿಸುತ್ತಿದ್ದರಂತೆ. ಮೊನ್ನೆ ದೇವಲಾಪುರದಿಂದ ಅವರ ಫೋನು ಬಂತು: “ಅಕ್ಕಾ, ಈ ಮನೆಯೋರು ಒಪ್ಬುಟ್ರು! ಮರ ಉಳ್ಸಿ ಸುತ್ತ ಮೆಟ್ಲು ಮಾಡುಸ್ತಾರಂತೆ!”

ಯಾರೂ ಕಾಲಿಡದ ಮನೆಗಳನ್ನೇ ಇಷ್ಟು ದಿನ ಕಟ್ಟಿದ ನನಗೆ, ಯಾರೋ ನಿಜವಾಗಿ ಹತ್ತಲಿರುವ ಮೆಟ್ಟಿಲು ಅದೇ ಮೊದಲನೆಯದು.