ಲಾರುಸನ ಮಂಜಿನ ಬಂಗಲೆ

ಗಂಡನ ಮಾತನ್ನು ಮಗನಿಗೆ, ಮಗನ ಮಾತನ್ನು ಗಂಡನಿಗೆ ಸಾಗಿಸಿ ಸಾಗಿಸಿ ಗುಡ್ನಿಗೆ ರೋಸಿಹೋಗಿತ್ತು. ಸಾಗಿಸುವ ದೂರವಾದರೂ ಎಷ್ಟು? ಒಂದು ಊಟದ ಮೇಜಿನಷ್ಟು. ಕ್ರಿಸ್‌ಮಸ್ ದಿನ ಮೇಜಿನ ಆ ತುದಿಯಲ್ಲಿ ಗಂಡ ಲಾರುಸ್, ಈ ತುದಿಯಲ್ಲಿ ಮಗ ಐನಾರ್. "ಅವನ ಗಾಡಿಯ ಹಿಂದಿನ ಟೈರು ಸವೆದಿದೆ ಅಂತ ಹೇಳು" ಎಂದು ಲಾರುಸ್ ಹೆಂಡತಿಗೆ ಹೇಳುತ್ತಾನೆ. ಅದು ಐನಾರನ ಕಿವಿಗೆ ಚೆನ್ನಾಗಿಯೇ ಬಿದ್ದಿರುತ್ತದೆ. ಆದರೂ ಅವನು ತಟ್ಟೆಯಲ್ಲಿನ ಆಲೂಗಡ್ಡೆ ಕತ್ತರಿಸುತ್ತ ಕಾಯುತ್ತಾನೆ. ಗುಡ್ನಿ "ಟೈರು ಸವೆದಿದೆಯಂತಪ್ಪ" ಎಂದ ಮೇಲೆ, "ಗೊತ್ತು, ಮುಂದಿನ ವಾರ ಹೊಸದು ಹಾಕಿಸ್ತೀನಿ ಅಂತ ಹೇಳಮ್ಮ" ಎನ್ನುತ್ತಾನೆ. ಅಪ್ಪನೂ ಹಾಗೆಯೇ, ಅದು ಅವಳ ಬಾಯಿಂದ ಬರುವವರೆಗೆ ತಲೆ ಎತ್ತುವುದಿಲ್ಲ. ಇಬ್ಬರಿಗೂ ಕಿವಿ ಸರಿಯಾಗಿದೆ, ನಾಲಗೆ ಸರಿಯಾಗಿದೆ. ಕೆಟ್ಟಿದ್ದದ್ದು ಗುಡ್ನಿಯ ತಲೆ ಮಾತ್ರ.

ಇದು ಶುರುವಾಗಿ ನಾಲ್ಕು ವರ್ಷ. ಲಾರುಸ್ ವಿನಿಪೆಗ್ ಸರೋವರದಲ್ಲಿ ಬಲೆ ಹಾಕಿ ಬದುಕಿದವನು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆ. ಅವನಪ್ಪನೂ ಅದೇ ಕೆಲಸ, ಅವನಜ್ಜನೂ ಅದೇ ಕೆಲಸ. ವಯಸ್ಸಾಯಿತು, ಇನ್ನು ನೀನು ನೋಡಿಕೊ ಎಂದು ಮಗನಿಗೆ ಹೇಳಿದಾಗ ಐನಾರ್, "ಎರಡು ವರ್ಷ ಟೈಮು ಕೊಡಪ್ಪ, ಸೆಲ್ಕರ್ಕ್ ಪೇಟೇಲಿ ವೆಲ್ಡಿಂಗ್ ಕೆಲಸ ಒಂದು ಹದಕ್ಕೆ ಬರ್ಲಿ" ಎಂದಿದ್ದ. ಲಾರುಸನ ಕಿವಿ ಅದರಲ್ಲಿ 'ಆಗಲ್ಲ' ಎನ್ನುವುದನ್ನಷ್ಟೇ ಹಿಡಿಯಿತು. ಅದೇ ತಿಂಗಳು ಮೀನುಗಾರಿಕೆಯ ಲೈಸೆನ್ಸು, ದೋಣಿ, ಬಲೆ ಎಲ್ಲವನ್ನೂ ಪಕ್ಕದ ಟ್ರಿಗ್ವಿಗೆ ಮಾರಿಬಿಟ್ಟ. ಮಗನಿಗೆ ಅದು ಗೊತ್ತಾದದ್ದು ಪೆಟ್ರೋಲ್ ಬಂಕಿನಲ್ಲಿ, ಟ್ರಿಗ್ವಿಯ ಬಾಯಿಂದ. ನನ್ನ ಮಗನಿಗೆ ಬೇಡವಾಯಿತು ಎಂದು ಅಪ್ಪನಿಗೆ ಸಂಕಟ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಮಗನಿಗೆ ಸಂಕಟ. ಎರಡು ಸಂಕಟವೂ ಗುಡ್ನಿಗೆ ಗೊತ್ತು. ಅವರಿಬ್ಬರ ನಡುವೆ ಮಾತ್ರ ಅದು ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.

ಗುಡ್ನಿ ತಮ್ಮೂರು ಆರ್ನೆಸ್ಸಿನ ಸುತ್ತಮುತ್ತಲ ರಸ್ತೆಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಗಾಳಿ ಬೀಸಿ ರಸ್ತೆ ಕಾಣದ ದಿನವೂ ಬಸ್ಸು ಹಳ್ಳಕ್ಕೆ ಇಳಿಸಿದವಳಲ್ಲ. ಮಾತು ಬಿಟ್ಟ ಮಕ್ಕಳನ್ನು ಹಿಡಿದು ಒಂದೇ ಸೀಟಿನಲ್ಲಿ ಕೂರಿಸುವುದು ಅವಳ ಪದ್ಧತಿ. ಹೈವೇ ಮುಟ್ಟುವಷ್ಟರಲ್ಲಿ ಇಬ್ಬರೂ ಒಂದೋ ನಗುತ್ತಿದ್ದರು, ಇಲ್ಲವೇ ಕಿತ್ತಾಡುತ್ತಿದ್ದರು. ಅವಳಿಗೆ ಎರಡೂ ಆಗುತ್ತಿತ್ತು. ಆದರೆ ಸ್ವಂತ ಮನೆಯ ಈ ಇಬ್ಬರು ದಾಂಡಿಗರನ್ನು ಯಾವ ಸೀಟಿನಲ್ಲಿ ಕೂರಿಸುವುದು?

ಹಾಗಾಗಿಯೇ ಎಲೆ ಉದುರುವ ಕಾಲ ಮುಗಿಯುತ್ತಿದ್ದಾಗ ಲಾರುಸ್, "ಮೊಮ್ಮಕ್ಕಳಿಗೆ ಸರೋವರದ ಮಂಜುಗಡ್ಡೆ ಮೇಲೆ ಮಲಗೋ ಆಸೆಯಂತೆ. ಮೀನು ಹಿಡಿಯೋಕೆ ಒಂದು ದೊಡ್ಡ ಶೆಡ್ಡು ಕಟ್ತೀನಿ, ಎಲ್ಲರೂ ಎರಡು ರಾತ್ರಿ ಇರೋ ಹಂಗೆ" ಎಂದಾಗ ಗುಡ್ನಿ ಮರುಮಾತಿಲ್ಲದೆ ಒಪ್ಪಿಕೊಂಡಳು. ಒಂದೇ ಕೋಣೆ, ಸುತ್ತ ಹೆಪ್ಪುಗಟ್ಟಿದ ಸರೋವರ. ಎದ್ದು ಹೋಗುತ್ತೇನೆಂದರೆ ಎಲ್ಲಿಗೆ ಹೋಗುತ್ತಾರೆ? ಆ ಎರಡು ರಾತ್ರಿಯಲ್ಲಿ ಇವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತಾಡಿದರೆ ಸಾಕು, ಉಳಿದದ್ದು ಏನಾದರೂ ಆಗಲಿ ಎಂದು ಅವಳ ಲೆಕ್ಕಾಚಾರ.

ಒಪ್ಪಿಕೊಂಡು ತಪ್ಪು ಮಾಡಿದೆ ಎಂದು ಅವಳಿಗೆ ಅನಿಸಲು ಒಂದು ವಾರವೂ ಹಿಡಿಯಲಿಲ್ಲ. ಯಾರದೋ ಹೊಲದಲ್ಲಿ ಬಿದ್ದಿದ್ದ ಹಳೇ ಟ್ರೇಲರಿನ ಕಬ್ಬಿಣದ ಚೌಕಟ್ಟು ಅಂಗಳಕ್ಕೆ ಬಂತು. ಮೊದಲು ನಾಲ್ಕು ಹಾಸಿಗೆ ಎಂದ, ಆಮೇಲೆ ಆರು ಎಂದ. ಸೌದೆ ಒಲೆ ಬಂತು, ಮಡಚುವ ಮೇಜು ಬಂತು, ಪರದೆ ಹಾಕಿದ ಕಕ್ಕಸಿನ ಮೂಲೆ ಬಂತು. ಇವರ ಸ್ವಂತ ಮನೆಯ ಬಚ್ಚಲಿಗೆಂದು ಗುಡ್ನಿ ಆರಿಸಿ ತಂದ ನೀಲಿ ಹೂವಿನ ಲಿನೋಲಿಯಂ ಹಾಸು ಏಳು ವರ್ಷದಿಂದ ಅಟ್ಟದ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಕೇಳಿದಾಗಲೆಲ್ಲ "ಈ ಚಳಿಗಾಲ ಕಳೀಲಿ" ಎನ್ನುತ್ತಿದ್ದ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಅದನ್ನು ಇಳಿಸಿ, ಶೆಡ್ಡಿನ ನೆಲಕ್ಕೆ ಮೂಲೆ ಮೂಲೆಗೂ ಒಪ್ಪವಾಗಿ ಅಂಟಿಸಿ, "ಬಾ, ನೋಡು" ಎಂದು ಕರೆದ.

"ಇದು ಬಚ್ಚಲಿಂದು" ಎಂದಳು ಗುಡ್ನಿ.

"ಬಚ್ಚಲಿಗೆ ಬೇರೆ ತರೋಣ."

"ಮನೆಮುಂದಿನ ಮೆಟ್ಟಿಲು ಮೂರು ಕಟ್ಟಿ ನಾಲ್ಕನೇದು ಬಿಟ್ಟಿದೀಯ. ಬಂದೋರೆಲ್ಲ ಎಡವ್ತಾರೆ. ಈ ಶೆಡ್ಡಿಗೆ ಮೆಟ್ಟಿಲು ಎಷ್ಟು?"

"ಎರಡು. ಎರಡೂ ಆಗಿದೆ" ಎಂದ ಲಾರುಸ್, ಹೆಮ್ಮೆಯಿಂದ.

ಊರಿನ ಮುದಿ ಬೆಸ್ತರೆಲ್ಲ ನೋಡಲು ಬಂದರು. ಬಂದವರು ಸುಮ್ಮನೆ ನೋಡಿಹೋಗುವವರೇ? ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಗುಡ್ನಿಯ ಕಾಫಿಯನ್ನು ಲೋಟಗಟ್ಟಲೆ ಹೀರಿದರು. ಹಬ್ಬಕ್ಕೆಂದು ಮಾಡಿಟ್ಟ ಪದರಪದರದ ವಿನಾರ್ತರ್ತಾ ಕೇಕು ಹಬ್ಬಕ್ಕೆ ಮೊದಲೇ ಖಾಲಿಯಾಯಿತು. ಟ್ರಿಗ್ವಿಯೂ ಬಂದ. ಒಳಗೆ ಹೋಗಿ ಬಂದು, "ಲಾರುಸ್, ಇದು ಶೆಡ್ಡಲ್ಲ ಮಾರಾಯ, ಬಂಗಲೆ. ಮನೆ ತೆರಿಗೆ ಹಾಕ್ತಾರೆ ನೋಡ್ತಿರು" ಎಂದ. ಅಂದಿನಿಂದ ಊರಿಗೆಲ್ಲ ಅದು ಬಂಗಲೆಯೇ ಆಯಿತು. ಕಿಟಕಿ ಆ ಕಡೆ ಇರಬೇಕಿತ್ತು, ಹೊಗೆ ಕೊಳವೆ ಇನ್ನೊಂದು ಗೇಣು ಎತ್ತರ ಇರಬೇಕಿತ್ತು ಎಂದು ಎಲ್ಲರೂ ಒಂದೊಂದು ಕೊಂಕು ತೆಗೆದರು. ಆದರೆ ಆ ಶೆಡ್ಡಿನಲ್ಲಿ ಇಲ್ಲದ ಒಂದು ವಸ್ತು ಅಷ್ಟು ಜನರಲ್ಲಿ ಒಬ್ಬನ ಕಣ್ಣಿಗೂ ಬೀಳಲಿಲ್ಲ.

ಇದರ ನಡುವೆ ಸಾಗಾಣಿಕೆ ಕೆಲಸ ಇದ್ದೇ ಇತ್ತು. "ಚೌಕಟ್ಟಿಗೆ ಯಾವ ರಾಡು ಹಾಕಿ ವೆಲ್ಡ್ ಮಾಡ್ಬೇಕು ಅಂತ ಅವನನ್ನ ಕೇಳು" ಎಂದು ಲಾರುಸ್ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಫೋನು ಇಲ್ಲೇ ಇದೆ. ನೀನೇ ಕೇಳು."

"ಕೈಯೆಲ್ಲ ಗ್ರೀಸು."

ಗುಡ್ನಿ ಫೋನು ಮಾಡಿ, ವೆಲ್ಡಿಂಗಿನ ಗಂಧಗಾಳಿ ಇಲ್ಲದಿದ್ದರೂ ರಾಡಿನ ನಂಬರನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಲಾರುಸ್ ಅದೇ ಗ್ರೀಸಿನ ಕೈಯಲ್ಲಿ ಅವಳ ಬಿಳಿ ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದ. ಎತ್ತಿ ಹೊರಗೆ ಹಾಕಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು. ಎರಡು ರಾತ್ರಿ, ಎರಡೇ ರಾತ್ರಿ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದಳು.

ಫೆಬ್ರವರಿಯ ಉದ್ದ ರಜೆಗೆ ಬಂಗಲೆ ಮಂಜಿಗಿಳಿಯಿತು. ದಡದಿಂದ ಬಹಳ ದೂರ ಎಳೆದುಕೊಂಡು ಹೋಗಿ, ಕೆಳಗೆ ಹೆಪ್ಪುಗಟ್ಟಿ ಕಚ್ಚಿಕೊಳ್ಳದಿರಲೆಂದು ಮರದ ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಐನಾರ್, ಅವನ ಹೆಂಡತಿ ಡಾರಿಯಾ, ಮಕ್ಕಳಿಬ್ಬರು ಬಂದರು. ಮೊಮ್ಮಕ್ಕಳಿಗೆ ಮಂಜುಗಡ್ಡೆ ಎಷ್ಟು ದಪ್ಪ ಇದೆಯೆಂದು ತೋರಿಸಲು ಲಾರುಸ್ ಶೆಡ್ಡಿನ ಹೊರಗೆ, ಮೂಲೆಯ ಪಕ್ಕದಲ್ಲೇ ಮೋಟಾರು ಬೈರಿಗೆ ಇಟ್ಟು ಕೊರೆದ. ಬಂಗಲೆಯ ಭಾರಕ್ಕೆ ಮಂಜು ಕೊಂಚ ತಗ್ಗಿತ್ತೇನೋ, ನೀರು ಉಕ್ಕಿ ಶೆಡ್ಡಿನ ಅಡಿಗೆಲ್ಲ ಹರಡಿ ಹಿಮವನ್ನು ಕೆಸರು ಮಾಡಿತು. "ಅದು ಹಂಗೇ, ಹೆಪ್ಪುಗಟ್ಟುತ್ತೆ" ಎಂದ ಲಾರುಸ್.

ಒಳಗೆ ಒಲೆ ಉರಿಯುತ್ತಿತ್ತು. ಡಾರಿಯಾ ತಂದ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳು ಬಾಣಲೆಯಲ್ಲಿ ಬೆಣ್ಣೆಗೆ ಚೊಯ್ ಎನ್ನುತ್ತಿದ್ದವು. ಮಕ್ಕಳು ಮೇಲಿನ ಹಾಸಿಗೆ ತನಗೆ, ತನಗೆ ಎಂದು ಗಲಾಟೆ ಮಾಡುತ್ತಿದ್ದರು. ಐನಾರ್ ಗೋಡೆಯ ಜೋಡಣೆಯ ಮೇಲೆ ಬೆರಳಾಡಿಸಿ, "ಕೆಲಸ ಚೆನ್ನಾಗಿ ಮಾಡಿದಾನೆ ಅಂತ ಹೇಳಮ್ಮ" ಎಂದ. ಗುಡ್ನಿ ಹೇಳಿದಳು. ಲಾರುಸನ ಮುಖ ಕೆಂಪಗಾಯಿತು. ಡಾರಿಯಾ ಮಕ್ಕಳಿಗೆಂದು ಹೊಸದಾಗಿ ಕೊಂಡ ಚಿಕ್ಕ ಗಾಳದ ಕೋಲುಗಳನ್ನು ಬಿಚ್ಚಿ, ಕುರ್ಚಿ ಎಳೆದುಕೊಂಡು ಕೂತಳು. ನೆಲ ನೋಡಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಬಾಗಿಲ ಬಳಿಯ ಚಾಪೆ ಎತ್ತಿ ನೋಡಿದಳು.

"ಅತ್ತೆ, ತೂತು ಎಲ್ಲಿದೆ?"

"ಯಾವ ತೂತು?"

"ಗಾಳ ಬಿಡೋದಕ್ಕೆ. ನೆಲದಲ್ಲಿ."

ಎಲ್ಲರೂ ಲಾರುಸನನ್ನು ನೋಡಿದರು. ಲಾರುಸ್ ನೀಲಿ ಹೂವಿನ ಲಿನೋಲಿಯಂ ನೋಡಿದ. ಜೀವಮಾನವೆಲ್ಲ ಬಯಲಿನಲ್ಲಿ ನಿಂತು, ಮಂಜಿನ ಅಡಿಯಲ್ಲಿ ಹಲಗೆ ಓಡಿಸಿ, ಅದರ ಜೊತೆ ಹಗ್ಗವನ್ನು ಒಂದು ತೂತಿನಿಂದ ಇನ್ನೊಂದಕ್ಕೆ ದಾಟಿಸಿ, ಬಲೆ ಎಳೆದ ಮನುಷ್ಯ ಅವನು. ಬೆಚ್ಚಗೆ ಕೂತು ನೆಲದ ತೂತಿನಲ್ಲಿ ದಾರ ಬಿಡುವುದು ಪೇಟೆಯವರ ಆಟ. ಅವನಿಗಾಗಲಿ, ಕಾಫಿ ಕುಡಿದುಹೋದ ಆ ಮುದಿ ಬೆಸ್ತರಿಗಾಗಲಿ ಅದು ತಲೆಗೇ ಬಂದಿರಲಿಲ್ಲ. ಮೀನು ಹಿಡಿಯುವ ಶೆಡ್ಡಿಗೆ ಆರು ಹಾಸಿಗೆ ಹಾಕಿದ್ದ, ಕಕ್ಕಸಿಗೆ ಪರದೆ ಹಾಕಿದ್ದ. ಮೀನಿಗೆ ದಾರಿ ಬಿಟ್ಟಿರಲಿಲ್ಲ.

"ಹೊರಗೆ ಕೊರ್ಕೊಂಡ್ರಾಯ್ತು" ಎಂದು ಗೊಣಗಿದ.

"ಈ ಚಳೀಲಿ ಮಕ್ಕಳನ್ನ ಹೊರಗೆ ಕೂರಿಸ್ತೀರಾ ಮಾವ?" ಎಂದಳು ಡಾರಿಯಾ.

ಐನಾರ್ ತಾಯಿಯ ಕಡೆ ತಿರುಗಿದ. "ನೆಲ ಕೊಯ್ಬೋದು. ಕೆಳಗೆ ಕಬ್ಬಿಣದ ಅಡ್ಡಪಟ್ಟಿ ಎಲ್ಲೆಲ್ಲಿದೆ ಅಂತ ಕೇಳಮ್ಮ."

"ನೆನಪಿಲ್ಲ ಅಂತ ಹೇಳು. ಅಡೀಗೆ ಹೋಗಿ ನೋಡ್ತೀನಿ" ಎಂದು ಲಾರುಸ್ ಹೊರಗೆ ನಡೆದ.

ಅವನು ಬೆನ್ನ ಮೇಲೆ ತೆವಳಿಕೊಂಡು ಶೆಡ್ಡಿನ ಅಡಿಗೆ ಸೇರಿದ. ಐನಾರ್ ಒಳಗೆ ಮಂಡಿಯೂರಿ ಗರಗಸ ಹಿಡಿದು ಕೂತ. ಈಗಲಾದರೂ ಮಾತಾಡಲೇಬೇಕಲ್ಲ ಎಂದು ಗುಡ್ನಿ ಕಾದು ನಿಂತಳು. ಅಡ್ಡಪಟ್ಟಿ ಇದ್ದ ಕಡೆ ಲಾರುಸ್ ಕೆಳಗಿನಿಂದ ಟಕ್ ಟಕ್ ಎಂದು ತಟ್ಟಿದ. ಐನಾರ್ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು, ತಿರುಗಿ ಟಕ್ ಎಂದು ನೆಲ ತಟ್ಟಿದ. ಕೆಳಗಿನಿಂದ ಮತ್ತೆ ಟಕ್ ಟಕ್.

ಗುಡ್ನಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ಮರಕುಟಿಗಗಳು" ಎಂದಳು. ಆಮೇಲೆ ಅಡಿಯಲ್ಲಿದ್ದವನಿಗೂ ಕೇಳುವಂತೆ ದನಿ ಎತ್ತಿ, "ಇಬ್ಬರೂ ಕಿವಿ ಕೊಟ್ಟು ಕೇಳಿ. ಇವತ್ತಿಂದ ನಾನು ಯಾರ ಮಾತನ್ನೂ ಯಾರಿಗೂ ಮುಟ್ಟಿಸಲ್ಲ. ಬಸ್ಸಿಂದ ರಿಟೈರ್ ಆದೆ, ಇದರಿಂದ್ಲೂ ಆದೆ" ಎಂದು ಕೋಟು ಹಾಕಿಕೊಂಡು ಹೊರಗೆ ಬಂದು, ಬಾಗಿಲ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತುಬಿಟ್ಟಳು. ಚಳಿಗೆ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟಿತು. ಒಳಗೆ ಗರಗಸ ಸದ್ದು ಮಾಡಿತು, ನಿಂತಿತು.

"ಗುಡ್ನಿ" ಎಂದ ಲಾರುಸ್, ಅಡಿಯಿಂದ.

ಅವಳು ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಗುಡ್ನಿ, ಬೆನ್ನು ಅಂಟ್ಕೊಂಡಿದೆ. ಕೆಸರು ಹೆಪ್ಪುಗಟ್ಟಿದೆ. ಏಳೋಕ್ಕಾಗ್ತಿಲ್ಲ."

ಅಭ್ಯಾಸಬಲದಿಂದ ಎದ್ದೇಬಿಟ್ಟಳು. ಮತ್ತೆ ಕೂತಳು. ವಯಸ್ಸಾದ ಜೀವ, ಒದ್ದೆ ಬಟ್ಟೆ, ಇಂಥ ಚಳಿ. ತಾನೆಂಥ ಹೆಂಗಸು ಎಂದು ನಾಚಿಕೆಯಾಯಿತು, ಹೆದರಿಕೆಯಾಯಿತು. ಆದರೂ ಕೈಗವಸನ್ನು ಬಾಯಿಗೊತ್ತಿಕೊಂಡು ಕೂತೇ ಇದ್ದಳು. ಬಾಗಿಲು ತೆರೆದು ಐನಾರ್ ಇಣುಕಿದ.

"ಅಮ್ಮ, ಕರೀತಿದಾನೆ."

"ನನಗೇನೂ ಕೇಳಿಸ್ಲಿಲ್ಲ" ಎಂದಳು ಗುಡ್ನಿ, ಸರೋವರದ ಕಡೆ ನೋಡುತ್ತ.

ಐನಾರ್ ಮೆಟ್ಟಿಲ ಮೇಲೆ ನಿಂತೇ ಇದ್ದ. ದೂರದಲ್ಲಿ ಎಲ್ಲೋ ಮಂಜು ಬಿರಿದು ಗುಡುಗಿದಂತಾಯಿತು.

"ಐನಾರ್."

ಮೆಲ್ಲಗೆ ಬಂದಿತ್ತು ದನಿ. ಬಹಳ ದಿನದಿಂದ ತೆರೆಯದ ಬಾಗಿಲನ್ನು ತಳ್ಳಿದ ಹಾಗೆ, ಗೊಗ್ಗರಾಗಿ.

"ಏನಪ್ಪ."

"ಸ್ವಲ್ಪ ಬಾರೋ."

ಐನಾರ್ ಎರಡು ಮೆಟ್ಟಿಲನ್ನೂ ಹಾರಿ, ಹೊಟ್ಟೆಯ ಮೇಲೆ ಮಲಗಿ ಅಡಿಗೆ ನುಗ್ಗಿದ. ಗುಡ್ನಿಗೆ ಕಾಣುತ್ತಿದ್ದದ್ದು ಎರಡು ಜೊತೆ ಬೂಟು ಮಾತ್ರ.

"ಜಿಪ್ಪು ತೆಗಿ. ಕೋಟಿಂದ ಆಚೆ ಬಾ, ಕೋಟು ಇಲ್ಲೇ ಇರ್ಲಿ."

"ಹೊಸಾ ಕೋಟು ಕಣೋ."

"ಕೋಟು ಹಾಳಾಗ್ಲಿ. ತಗೋ, ನಂದು ಹೊದ್ಕೋ. ತೋಳು ಎತ್ತು. ಹಾಂ."

ಆಮೇಲೆ ಬೂಟುಗಳು ಅಲ್ಲಾಡಲಿಲ್ಲ. ಬಿಡಿಸಿಕೊಂಡದ್ದಾಯಿತಲ್ಲ, ಇನ್ನೂ ಯಾಕೆ ಬರುತ್ತಿಲ್ಲ ಎಂದು ಗುಡ್ನಿ ಬಗ್ಗಿದಳು.

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು ನೀನು" ಎನ್ನುತ್ತಿದ್ದ ಐನಾರ್. "ಟ್ರಿಗ್ವಿ ಬಾಯಲ್ಲಿ ಕೇಳ್ದೆ ನಾನು."

ಒಂದು ಜೊತೆ ಬೂಟು ಹಿಮ್ಮಡಿಯಿಂದ ಮಂಜನ್ನು ಕೆರೆಯಿತು.

"ಕೇಳ್ಬೋದಿತ್ತು" ಎಂದ ಲಾರುಸ್. "ನೀನು ಬೇಡ ಅಂತೀಯ ಅಂತ ಹೆದರಿಕೆ ಆಯ್ತು."

ಗುಡ್ನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಲೆ ಇದೆ, ಮೇಜಿದೆ, ಅವಳ ಬಚ್ಚಲಿನ ಹಾಸಿದೆ. ಅದನ್ನೆಲ್ಲ ಬಿಟ್ಟು ಈ ಇಬ್ಬರು ಕೆಸರುಮಂಜಿನಲ್ಲಿ ಮಲಗಿ ನಾಲ್ಕು ವರ್ಷದ ಮಾತು ಆಡುತ್ತಿದ್ದಾರೆ. ನ್ಯುಮೋನಿಯಾ ಬಂದರೆ ಕಷಾಯ ಕಾಯಿಸುವವಳು ಯಾರು? ಬಾಗಿಲು ತೆರೆದು ಡಾರಿಯಾ, "ಅತ್ತೆ, ಪೆರೋಗಿ ಆರಿಹೋಗ್ತಿದೆ. ಅವರನ್ನ ಕರೀರಿ" ಎಂದಳು.

"ಬಾಗಿಲು ಹಾಕು" ಎಂದಳು ಗುಡ್ನಿ.

ಕಾಲು ಮರಗಟ್ಟುತ್ತಿತ್ತು. ಅಡಿಯಲ್ಲಿ ಮಾತು ಏರುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಜಗಳದ ಹಾಗೆ, ಒಮ್ಮೆ ಕೆಮ್ಮಿನ ಹಾಗೆ. ಇನ್ನೇನು 'ಗುಡ್ನಿ, ಅವನಿಗೆ ಹೇಳು' ಎಂಬ ಕೂಗು ಬರುತ್ತದೆ ಎಂದು ಅವಳು ಕಿವಿಯಾನಿಸಿ ಕಾದಳು. ಯಾರೂ ಅವಳನ್ನು ಕರೆಯಲಿಲ್ಲ.