ಅಕ್ಕನ ಬೆರಳ ಗುರುತು

ನಾನು ಪತ್ತೇದಾರಿ ಕಾದಂಬರಿ ಬರೆದು ಬದುಕಿದವನು. ಮೂವತ್ತೆಂಟು ಬರೆದಿದ್ದೇನೆ. ಅವುಗಳಲ್ಲಿ ಎಷ್ಟು ಜನರನ್ನು ಕೊಂದಿದ್ದೇನೆಂದು ನನಗೇ ನೆನಪಿಲ್ಲ. ದೊಡ್ಡ ಸಾಹಿತಿಗಳು ನಮ್ಮಂಥವರನ್ನು ಪಂಕ್ತಿಗೆ ಸೇರಿಸುವುದಿಲ್ಲ. ಸೇರಿಸದಿದ್ದರೆ ಬೇಡ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯವನು ಅವರ ಪುಸ್ತಕದ ಮೇಲೆ ಟೀ ಲೋಟ ಇಟ್ಟುಕೊಂಡು ನನ್ನದನ್ನು ಮಾರುತ್ತಿದ್ದ.

ನನಗೆ ಬರೆಯಲು ಕಲಿಸಿದವಳು ಅಕ್ಕ. ಅವಳಿಗೆ ಓದು ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಅವಳಿಗೆ ಹದಿನಾಲ್ಕು. ಇಬ್ಬರಲ್ಲಿ ಒಬ್ಬರೇ ಶಾಲೆಗೆ ಹೋಗಬಹುದಿತ್ತು, ನಾನು ಹೋದೆ. ಅವಳು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋದಳು. ಅಲ್ಲಿ ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ, ಅದರೊಳಗೆ ಬೆರಳದ್ದಿ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಬೇಕು. ನನ್ನ ಮೊದಲ ಕಾದಂಬರಿಯನ್ನು ಓದಿ ಹೇಳಿದಾಗ ಅರ್ಧಕ್ಕೇ ಕೊಲೆಗಾರನನ್ನು ಹಿಡಿದುಬಿಟ್ಟಳು. “ತುದಿ ಸಿಕ್ಕಿದ್ಮ್ಯಾಲೆ ಎಳೆಯೋದೇನ್ ಕಷ್ಟ? ಒಸಿ ಮುಚ್ಚಿಡು ಕಣ್ಲಾ” ಅಂದಳು. ಅಂದಿನಿಂದ ಪ್ರತಿ ಹಸ್ತಪ್ರತಿಯನ್ನೂ ಮೊದಲು ಅವಳಿಗೇ ಓದಿ ಹೇಳುತ್ತಿದ್ದೆ. ಅವಳು ಹಿಡಿದರೆ ಕೊಲೆಗಾರನನ್ನೇ ಬದಲಾಯಿಸುತ್ತಿದ್ದೆ.

ಹಾಗೆ ಓದುವಾಗ ಒಂದು ದಿನ ಅವಳ ಬೆರಳು ಕಣ್ಣಿಗೆ ಬಿತ್ತು. ತುದಿಗಳು ಬೆಳ್ಳಗೆ ಬೆಂದು, ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದ್ದವು. ಬೇರೆ ತಮ್ಮನಾಗಿದ್ದರೆ ಕೊಬ್ಬರಿ ಎಣ್ಣೆ ತಂದು ಹಚ್ಚುತ್ತಿದ್ದ. ನನಗೆ ಕಥೆ ಹೊಳೆಯಿತು. ಕೊಲೆಗಾರ ನೂಲು ತೆಗೆಯುವವನು, ಅವನು ಮುಟ್ಟಿದ ಕಡೆ ಬೆರಳಚ್ಚೇ ಮೂಡುವುದಿಲ್ಲ! ನನಗೆ ಹೆಸರು ತಂದದ್ದು ಆ ಪುಸ್ತಕ. ಆ ಸಲ ಮಾತ್ರ ಅಕ್ಕ ಕೊಲೆಗಾರನನ್ನು ಹಿಡಿಯಲಿಲ್ಲ. ಕೊನೆ ಕೇಳಿದ ಮೇಲೆ ತನ್ನ ಕೈಯನ್ನು ಹೊರಳಿಸಿ ನೋಡಿಕೊಂಡಳು.

“ನನ್ ಕೈಯ ಕೊಲೆಗಾರಂಗೆ ಕೊಟ್ಬುಟ್ಯಲ್ಲೋ” ಅಂದು ನಕ್ಕಳು. ಆಮೇಲೆ ನಾನು ಹೋದಾಗಲೆಲ್ಲ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೂರುತ್ತಿದ್ದಳು.

ನಾನು ಮಾಗಡಿಯಲ್ಲಿ ಸಂಸಾರ ಹೂಡಿದೆ. ಅಕ್ಕ ಮದುವೆಯಾಗಲಿಲ್ಲ, ಶೆಡ್ಡಿನ ಪಕ್ಕದ ಒಂದೇ ಕೋಣೆಯಲ್ಲಿ ಉಳಿದಳು. ಮನೆಗೆ ಬಾ ಅಂದರೆ “ಇಲ್ಲಿ ಕೆಲ್ಸ ಐತೆ” ಅನ್ನುವಳು. ಕೈಗೆ ಏನು ಕೊಟ್ಟರೂ ಅದು ತಿರುಗಿ ನನ್ನ ಮಕ್ಕಳ ಕೈಗೇ ಬರುತ್ತಿತ್ತು. ಅವಳ ಬಳಿ ಫೋನಿಲ್ಲದ್ದರಿಂದ ಅವಳ ರೇಷನ್ ಕಾರ್ಡಿಗೆ ನನ್ನ ನಂಬರನ್ನೇ ಬರೆಸಿದ್ದೆವು. ಬೆಳಿಗ್ಗೆ ಬರೆಯುವ ಹೊತ್ತಿನಲ್ಲಿ ನನ್ನ ಫೋನು ಆಫ್. ಅದು ನಾನು ಮನೆಮಂದಿಗೆಲ್ಲ ಹಾಕಿದ್ದ ಕಟ್ಟಪ್ಪಣೆ. ಮಧ್ಯಾಹ್ನ ಆನ್ ಮಾಡಿದಾಗ ಬಂದು ಬೀಳುವ ಮೆಸೇಜುಗಳನ್ನು ಓದುವ ತಾಳ್ಮೆ ನನಗೆಲ್ಲಿಂದ ಬರಬೇಕು?

ಕಳೆದ ವರ್ಷ ಹೋದಾಗ ಅಕ್ಕ ಸೊರಗಿದ್ದಳು. ನನಗೆ ಅನ್ನ ಬಡಿಸಿ “ನಂದಾಯ್ತು, ನೀನ್ ಉಣ್ಣು” ಅಂದಳು. ಅಕ್ಕಿಯ ಡಬ್ಬ ಬೋರಲು ಬಿದ್ದಿತ್ತು. ಅನ್ನದ ಪಾತ್ರೆ ಶೆಡ್ಡಿನ ಯಜಮಾನರ ಮನೆಯದು. ನನ್ನ ಕಾದಂಬರಿಯ ಪತ್ತೇದಾರನಾಗಿದ್ದರೆ ಇಷ್ಟನ್ನು ಒಂದೇ ಪುಟದಲ್ಲಿ ಬಿಡಿಸುತ್ತಿದ್ದ. ನಾನು ಹೊಟ್ಟೆ ತುಂಬ ಉಂಡು, ಹೊಸ ಕಾದಂಬರಿಯ ಎರಡು ಅಧ್ಯಾಯ ಓದಿ ಹೇಳಿ, ಸಂಜೆಯ ಬಸ್ಸು ಹಿಡಿದೆ.

ಹದಿನೈದು ದಿನಕ್ಕೆ ಜ್ವರ ಬಂತು, ಹೋಗಿಬಿಟ್ಟಳು. ಹಸಿವಿನಿಂದ ಸತ್ತಳೆಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಾರೆ. ಮೈಯಲ್ಲಿ ತ್ರಾಣವೇ ಇರಲಿಲ್ಲ ಎಂದರು ಡಾಕ್ಟರು.

ತಿಥಿಯ ದಿನ ಶೆಡ್ಡಿನ ಯಜಮಾನರ ಹೆಂಡತಿ ಬಂದರು. ಅಕ್ಕ ಅವರನ್ನು ಬೂಬಮ್ಮ ಅನ್ನುತ್ತಿದ್ದಳು. ಅವಳ ರೇಷನ್ ಕಾರ್ಡನ್ನು ನನ್ನ ಕೈಗಿಟ್ಟು ಹೇಳಿದರು: “ನಾಕ್ ತಿಂಗ್ಳಿಂದ ಅಕ್ಕಿ ಸಿಕ್ಕಿರ್ಲಿಲ್ಲ ಅಣ್ಣಾ. ಮೊದ್ಲು ನಾಕೈದ್ ಸಲ ಬೆಟ್ಟು ಒತ್ತಿದ್ರೆ ರೇಷನ್ ಅಂಗ್ಡಿ ಮಿಷನ್ನು ತಗೊಳ್ತಿತ್ತು. ಈಗ ಹತ್ತೂ ಬೆಟ್ಟು ಒತ್ತಿದ್ರೂ ಇಲ್ಲ. ನಿನ್ ತಮ್ಮನ್ ಫೋನಿಗೆ ಒಂದ್ ನಂಬರ್ ಬತ್ತದೆ, ಅದ ಕೇಳ್ಕಂಡ್ ಬಾರಮ್ಮ, ಅಕ್ಕಿ ಕೊಡ್ತೀನಿ ಅಂತ ಅಂಗ್ಡಿಯವ್ನೂ ಅಂತಿದ್ದ. ನಿಮ್ಗೆ ತಿಳಿಸ್ತೀನಿ ಅಂದ್ರೆ ಬುಡ್ತಿರ್ಲಿಲ್ಲ.”

“ಯಾಕಮ್ಮಾ?”

“ಬರೀತಾ ಇರ್ತಾನೆ ಅನ್ನೋಳು. ಒಂದಿನ ಜಗಳಾನೇ ಆಡ್ದೆ. ಆಗ ಹೇಳಿದ್ಲು: ‘ಈ ಬೆಟ್ಟಿನ ಮ್ಯಾಲೇ ಬುಕ್ಕು ಬರ್ದವ್ನೆ ಬೂಬಮ್ಮ. ಇದ್ರಿಂದ್ಲೇ ನಂಗೆ ಅಕ್ಕಿ ಇಲ್ಲ ಅಂತ ಗೊತ್ತಾದ್ರೆ ಅವ್ನು ಇನ್ನೊಂದ್ ಅಕ್ಷರ ಬರೆಯಾಕಿಲ್ಲ.’”

ಅಲ್ಲೇ ಕೂತು ಫೋನು ತೆಗೆದೆ. ಸೈಟು ಬೇಕಾ ಎಂದು ಕೇಳುವ ಜಾಹೀರಾತುಗಳ ನಡುವೆ ರೇಷನ್ನಿನ ಆ ನಂಬರಿದ್ದ ನಾಲ್ಕು ಮೆಸೇಜು ಸಿಕ್ಕವು, ತಿಂಗಳಿಗೊಂದು. ನಾಲ್ಕೂ ಬೆಳಗಿನ ಹೊತ್ತಿನವು. ಅಕ್ಕ ಬೆಂದ ಬೆರಳು ಒತ್ತುತ್ತ ಸಾಲಿನಲ್ಲಿ ನಿಂತಿದ್ದಾಗ ನಾನು ಬಾಗಿಲು ಹಾಕಿಕೊಂಡು ಯಾವನೋ ಇಲ್ಲದವನ ಕೊಲೆಗೆ ಸುಳಿವು ಹೊಂದಿಸುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ನನ್ನದಕ್ಕೆ ಆ ಗಾದೆಯೂ ಸಾಲದು. ನನ್ನ ಮೇಲೆ ನನಗೆ ಬಂದ ಅಸಹ್ಯ ಇನ್ನೂ ಹೋಗಿಲ್ಲ.

ಮೂವತ್ತೊಂಬತ್ತನೆಯ ಕಾದಂಬರಿ ಅವಳಿಗೆ ಓದಿ ಹೇಳಿದ ಎರಡು ಅಧ್ಯಾಯಕ್ಕೇ ನಿಂತಿದೆ. ಆಮೇಲೆ ಬರೆದದ್ದು ಇದೊಂದೇ. ನನ್ನ ಕಥೆ ಎಲ್ಲಿ ಮುಗಿಯುತ್ತದೆಂದು ಅಕ್ಕನಿಗೆ ಈ ಸಲವೂ ಮೊದಲೇ ಗೊತ್ತಿತ್ತು. ಈಗ ಬೆಳಿಗ್ಗೆ ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತೇನೆ. ಸೈಟು ಬೇಕಾ ಎಂದು ಕೇಳುವ ಮೆಸೇಜುಗಳನ್ನೂ ಪೂರ್ತಿ ಓದುತ್ತೇನೆ.