ಹರಿಹರಕ್ಕೆ ಹೊರಟ ಮಿಲ್ಲಿನ ಕೂಗು

ಕಾಶಿಗೆ ಹೋದವರು ಬರೆಯುತ್ತಾರೆ, ಲಂಡನ್ನಿಗೆ ಹೋದವರು ಬರೆಯುತ್ತಾರೆ. ನಾನು ಹೋದದ್ದು ದಾವಣಗೆರೆಯಿಂದ ಹರಿಹರಕ್ಕೆ, ಬರೀ ಹದಿನಾಲ್ಕು ಕಿಲೋಮೀಟರು. ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ಅವತ್ತು ನಮಗೆ ಹೋಗಿ ಮುಟ್ಟಲು ಮೂರು ತಾಸು ಹಿಡಿಯಿತು. ಮೂರು ತಾಸು ಹಿಡಿದ ಮೇಲೆ ಅದೂ ಪ್ರವಾಸವೇ, ಬರೆಯುವ ಹಕ್ಕು ನನಗೂ ಇದೆ.

ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಕರಿ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಜೂನ್ ಎರಡನೇ ವಾರದ ಒಂದು ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿ ಮುಂದೆ ಲಗೇಜ್ ಆಟೋ ಬಂದು ನಿಂತಿತು. ನಾನೂ ಡ್ರೈವರೂ ಸೇರಿ, ತೇಕುತ್ತ, ಒಂದು ಸೈರನ್ ಎತ್ತಿ ಅದರಲ್ಲಿಟ್ಟೆವು. ನಮ್ಮೂರಿನ ಬಟ್ಟೆ ಮಿಲ್ಲಿನ ಸೈರನ್ ಅದು. ಮಿಲ್ಲು ಮುಚ್ಚಿ ವರ್ಷಗಳಾದವು. ಅಪ್ಪ ಅಲ್ಲಿ ನೇಯ್ಗೆ ಖಾತೆಯಲ್ಲಿದ್ದರು. ಮೊದಲ ಕೂಗಿಗೆ ಅವ್ವ ಬುತ್ತಿ ಕಟ್ಟುತ್ತಿದ್ದಳು, ಎರಡನೆಯದಕ್ಕೆ ಅಪ್ಪ ಸೈಕಲ್ ಹತ್ತುತ್ತಿದ್ದರು. ನಮ್ಮ ಮನೆಗೆ ಗೋಡೆ ಗಡಿಯಾರ ಬಂದದ್ದೇ ಮಿಲ್ಲು ಮುಚ್ಚಿದ ಮೇಲೆ.

ಇನ್ನೇನು ಹೊರಡಬೇಕು, ಹನುಮಂತಪ್ಪನವರು ಬಂದರು. ಇಪ್ಪತ್ತೇಳು ವರ್ಷ ಆ ಸೈರನ್ನಿನ ಗುಂಡಿ ಒತ್ತಿದವರು ಅವರೇ. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಡ್ಯೂಟಿಗೆ ಹೊರಟವರಂತೆಯೇ ಬಂದಿದ್ದರು. ಮುಂದೆ ಕೂರಿ ಎಂದರೆ ಕೇಳಲಿಲ್ಲ.

"ನೀವು ಮುಂದೆ ಕೂಡ್ರಿ ಮಂಜಣ್ಣ. ನಾನು ಹಿಂದೆ ಇದರ ಜೋಡಿ ಇರ್ತೀನಿ. ಕುಲುಕಾಟಕ್ಕೆ ಮಗ್ಗುಲಾತು ಅಂದ್ರೆ ಒಳಗಿನ ರೆಕ್ಕೆ ಸೊಟ್ಟಗಾಗ್ತಾವೆ."

ಈ ಸೈರನ್ ಹರಿಹರಕ್ಕೆ ಯಾಕೆ ಹೊರಟಿತು ಎಂದು ಹೇಳಬೇಕು. ಹಿಂದಿನ ಮಳೆಗಾಲ ತುಂಗಭದ್ರೆ ಏರಿ ಹರಿಹರದ ಹೊಳೆದಂಡೆಯ ಕೇರಿಗೆ ನುಗ್ಗಿತ್ತು. ಮೈಕು ಕಟ್ಟಿದ ಜೀಪು ಎಚ್ಚರಿಕೆ ಹೇಳುತ್ತ ಮುಖ್ಯ ರಸ್ತೆಯಲ್ಲಿ ಹೋಗಿತ್ತಂತೆ. ಆದರೆ ಕೇರಿಯ ಸಂದಿಗಳಲ್ಲಿ ಜೀಪು ಹಿಡಿಸುವುದಿಲ್ಲ, ಮಳೆಯ ಸದ್ದಿನಲ್ಲಿ ಮೈಕು ಕೇಳಿಸುವುದಿಲ್ಲ. ಜನಕ್ಕೆ ಗೊತ್ತಾಗುವ ಹೊತ್ತಿಗೆ ನೀರು ಹೊಸ್ತಿಲು ದಾಟಿತ್ತು. ಆಮೇಲೆ ಎರಡೂ ಊರಿನ ಹತ್ತಾರು ಮಂದಿ ಸೇರಿ ಒಂದು ಸಮಿತಿ ಮಾಡಿಕೊಂಡೆವು. ಅದಕ್ಕೆ ಹೆಸರಿಲ್ಲ, ರಬ್ಬರ್ ಸ್ಟಾಂಪೂ ಇಲ್ಲ. ನಮ್ಮದೇ ಬೇರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅದರ ಉತ್ಸಾಹವೂ ಇತ್ತೆನ್ನಿ. ದಾವಣಗೆರೆಗೆ ಕುಡಿಯುವ ನೀರೆತ್ತುವ ಪಂಪ್‌ಹೌಸ್ ಇರುವುದು ಹರಿಹರದ ಹತ್ತಿರ, ಅದೇ ಹೊಳೆಯ ದಡದಲ್ಲಿ. ಅಲ್ಲಿನ ಆಪರೇಟರು ನೀರು ಅಪಾಯದ ಕೆಂಪು ಗೆರೆ ಮುಟ್ಟಿದ ಕೂಡಲೇ ಕೇರಿಗಿಂತ ಎತ್ತರದಲ್ಲಿರುವ ಹಿಟ್ಟಿನ ಗಿರಣಿಗೆ ಫೋನ್ ಮಾಡುವುದು, ಗಿರಣಿಯ ಮಾಳಿಗೆಯಿಂದ ಸೈರನ್ ಕೂಗಿಸುವುದು ಎಂದು ಮಾತಾಯಿತು. ಗಿರಣಿಯಲ್ಲಿ ತ್ರೀ ಫೇಸ್ ಕರೆಂಟಿದೆ. ಕರೆಂಟು ಹೋದರೆ ಶಾಮಿಯಾನದವರು ಜನರೇಟರ್ ಕೊಡಲು ಒಪ್ಪಿದ್ದರು. ಸೈರನ್ನು ನಮ್ಮೂರಿನ ಮುಚ್ಚಿದ ಮಿಲ್ಲಿನದು, ಅದರ ಮೋಟಾರಿಗೆ ಹೊಸ ವೈಂಡಿಂಗ್ ನನ್ನದು. ಹರಿಹರದ ಹೊಳೆ ನೀರು ಕುಡಿದೇ ನಾವು ಬದುಕಿರುವುದು, ಇಷ್ಟು ಮಾಡುವುದೇನೂ ದೊಡ್ಡ ಮಾತಲ್ಲ.

ಪಿ.ಬಿ. ರಸ್ತೆ ಹಿಡಿದು ಹೊರಟೆವು. ಮೃಗಶಿರ ಮಳೆ ಹನಿಯಲೋ ಬೇಡವೋ ಎನ್ನುತ್ತಿತ್ತು. ನಮ್ಮ ಆಟೋದವನು ಮೊದಲೇ ಹೇಳಿದ್ದ: "ನಂದು ಇಷ್ಟೇ ದೂರದ ಪರ್ಮಿಟ್ರಿ. ಬಾತಿ ತನಕ ಬಿಡ್ತೀನಿ. ಅಲ್ಲಿಂದ ಆಚೆ ಹೋದ್ರೆ ಹಿಡಿದು ಹಾಕ್ತಾರೆ." ಅಲ್ಲಿಂದ ಮುಂದಕ್ಕೆ ಹರಿಹರದ ರಫೀಕ್ ಎಂಬಾತ ತನ್ನ ಆಟೋ ತರಬೇಕಿತ್ತು. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿದ್ದೆ. "ಬಾತಿ ಹತ್ರ, ಒಂಬತ್ತಕ್ಕೆ." "ಸರಿ, ಬಾತಿ ಹತ್ರ, ಒಂಬತ್ತಕ್ಕೆ."

ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಸೈರನ್ನನ್ನು ರಸ್ತೆ ಬದಿಯ ಹೋಟೆಲ್ಲಿನ ಕಟ್ಟೆ ಮೇಲಿಳಿಸಿ ನಮ್ಮ ಆಟೋದವನು ಹೊರಟುಹೋದ. ಹನಿ ಜೋರಾಯಿತು. ಹನುಮಂತಪ್ಪನವರು ತಮ್ಮ ಟವೆಲ್ ತೆಗೆದು ಸೈರನ್ನಿಗೆ ಹೊದಿಸಿ, ತಾವು ಬರಿತಲೆಯಲ್ಲಿ ಕೂತರು. ಎರಡು ಸಲ ಚಹಾ ಕುಡಿದೆವು, ಒಂದು ಸಲ ಮಂಡಕ್ಕಿ ಮಿರ್ಚಿ ತಿಂದೆವು. ನನಗೆ ಸಿಟ್ಟು ನೆತ್ತಿಗೇರಿತು. ಈ ಹರಿಹರದವರಿಗೆ ಅವರದೇ ಕೆಲಸ ಬೇಡವಾದರೆ ನಮಗೇನು ಎಂದು ಗೊಣಗಿದೆ. ಹೋಟೆಲ್ಲಿನಾತ ಅದನ್ನು ಕೇಳಿ ನಕ್ಕ.

"ಅವನು ಯಾವ ಬಾತಿ ಅಂದಿದ್ದ? ಇದು ಹಳೇಬಾತಿ ಕಣ್ರಿ. ದಾವಣಗೆರೆಯೋರು ಬಾತಿ ಅಂದ್ರೆ ಇಲ್ಲಿ ನಿಲ್ತಾರೆ, ಹರಿಹರದೋರು ಬಾತಿ ಅಂದ್ರೆ ದೊಡ್ಡಬಾತಿನಾಗೆ ನಿಲ್ತಾರೆ. ವಾರಕ್ಕೊಂದು ಸಲ ಯಾರಾದ್ರೂ ಹಿಂಗೆ ಕಾಯ್ತಾ ಕೂತಿರ್ತಾರೆ."

ಅದೇ ಆಗಿತ್ತು. ಒಬ್ಬ ಸೈಕಲ್ಲಿನವನ ಕೈಯಲ್ಲಿ ಹೇಳಿಕಳಿಸಿದ ಮೇಲೆ ರಫೀಕ್ ಬಂದ. ಅವನಿಗೂ ನನ್ನಷ್ಟೇ ಸಿಟ್ಟು ಬಂದಿತ್ತು. "ಒಂಬತ್ತರಿಂದ ನಿಂತೀನಿ ಸಾಹೇಬ್ರ! ಇವರು ದಾವಣಗೆರೆಯೋರು ಮಾತಿಗೆ ನಿಲ್ಲೋರಲ್ಲ ಅಂತ ಬೈಕೊಂತಿದ್ದೆ." ಇಬ್ಬರೂ ಮಾತಿಗೆ ನಿಂತಿದ್ದೆವು, ಬೇರೆ ಬೇರೆ ಬಾತಿಯಲ್ಲಿ.

ಹನ್ನೊಂದಕ್ಕೆ ಹರಿಹರ ಮುಟ್ಟಿದೆವು. ಹೊಳೆ ಇನ್ನೂ ಕೆಳಗೆ, ಮರಳು ಕಾಣುವಂತೆ, ಸಾಧುವಾಗಿ ಹರಿಯುತ್ತಿತ್ತು. ಕೇರಿಯ ಮನೆಗಳ ಗೋಡೆಯಲ್ಲಿ ಎದೆಮಟ್ಟಕ್ಕೆ ಹೋದ ವರ್ಷದ ನೀರಿನ ಕಲೆ ಹಾಗೆಯೇ ಇತ್ತು. ಕಟ್ಟಕಡೆಯ ಮನೆ ನಾಗರತ್ನಮ್ಮನವರದು. ಅವರು ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಅವರ ತಾಯಿಗೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿದೆ. ಹೋದ ವರ್ಷ ಸೊಂಟದ ತನಕ ನೀರಲ್ಲಿ ನಾಲ್ಕು ಮಂದಿ ಆ ಮುದುಕಿಯನ್ನು ಮಂಚ ಸಮೇತ ಎತ್ತಿ ಗಿರಣಿಯ ಎದುರಿನ ಶಾಲೆಗೆ ಸಾಗಿಸಿದ್ದರಂತೆ. ಸಂದಿಯ ತಿರುವಿನಲ್ಲಿ ಮಂಚ ವಾಲಿ ಮುದುಕಿ ನೀರಿಗೆ ಬಿದ್ದಾಗ, ಪುಣ್ಯಕ್ಕೆ ಒಬ್ಬನ ಕೈಗೆ ಸೀರೆಯ ಸೆರಗು ಸಿಕ್ಕಿತ್ತು. ನಾಗರತ್ನಮ್ಮ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಹೊಳೆ ಬರಬ್ಯಾಡ ಅನ್ನಾಕೆ ನಾವ್ಯಾರು. ನನಗೆ ಅರ್ಧ ತಾಸು ಮೊದ್ಲು ಗೊತ್ತಾದ್ರೆ ಸಾಕ್ರಿ. ಅವ್ವನ್ನ ಒಣಗಿದ ನೆಲದ ಮ್ಯಾಲೆ ಹೊತ್ಕೊಂಡು ಹೋಗ್ತೀನಿ."

ಗಿರಣಿಯ ಮಾಳಿಗೆಯಲ್ಲಿ ನಾಲ್ಕು ಬೋಲ್ಟು ಬಿಗಿದು, ಸ್ಟಾರ್ಟರ್ ಕೂರಿಸಿ, ಹನ್ನೆರಡೂವರೆಗೆ ತಯಾರಾದೆವು. ಬೆಳಿಗ್ಗೆ ಕೇರಿಯವರಿಗೆಲ್ಲ ಹೇಳಿಸಿದ್ದೆವು: ಸೈರನ್ ಕೂಗಿದರೆ ಶಾಲೆಗೆ ಬನ್ನಿ, ಇವತ್ತು ಪರೀಕ್ಷೆ. ಹನುಮಂತಪ್ಪನವರು ಗುಂಡಿಗೆ ಕೈಮುಗಿದು ಒತ್ತಿದರು. ತಗ್ಗಿನಿಂದ ಎದ್ದು ಒಂದೇ ಉಸಿರಿನಲ್ಲಿ ಮೇಲೇರಿದ ಆ ಕೂಗು! ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ಅವ್ವನ ಬುತ್ತಿ, ಅಪ್ಪನ ಸೈಕಲ್ಲಿನ ಗಂಟೆ ಎಲ್ಲ ನೆನಪಾಗಿ, ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ. ಹನುಮಂತಪ್ಪನವರು ಒಂದು ನಿಮಿಷ ಪೂರಾ ಕೂಗಿಸಿ ಬೆರಳು ತೆಗೆದರು.

ಕೆಳಗೆ ನೋಡಿದರೆ ಕೇರಿ ಕದಲಿರಲಿಲ್ಲ. ಒಬ್ಬಾತ ಬಾಗಿಲಿಗೆ ಬಂದು ಕೈಗಡಿಯಾರ ನೋಡಿ ಒಳಗೆ ಹೋದ. ಒಬ್ಬಾಕೆ ಒಲೆಗೆ ಕಟ್ಟಿಗೆ ಒಟ್ಟಿದಳು. ನಾನು ಇಳಿದು ಓಡಿದೆ. ನಾಗರತ್ನಮ್ಮ ಕೂಡ ಹೊಸ್ತಿಲಲ್ಲೇ ಸೊಪ್ಪು ಸೋಸುತ್ತ ಕೂತಿದ್ದರು.

"ಸೈರನ್ ಕೇಳಲಿಲ್ಲವಾ?"

"ಕೇಳ್ತಲ್ರಿ. ಪಾಳಿ ಬಿಟ್ಟಿತೇನೋ ಅಂದ್ಕೊಂಡೆ." ಅಂದವರೇ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅದು ನಿಮ್ದಾ?"

ನಮ್ಮ ಬುದ್ಧಿಗೆ ಏನು ಹೇಳಲಿ. ಹರಿಹರವೂ ಕಾರ್ಖಾನೆಗಳ ಊರು. ಅಲ್ಲಿ ದಿನಕ್ಕೆ ಹತ್ತು ಸಲ ಸೈರನ್ ಕೂಗುತ್ತದೆ. ಕೂಗಿದರೆ ಪಾಳಿ ಬದಲಾಯಿತು, ಅನ್ನಕ್ಕಿಡಬೇಕು ಎಂದರ್ಥ. ಒಂದು ಬಾತಿಗೆ ಎರಡು ಊರಿನಲ್ಲಿ ಎರಡರ್ಥ. ಇಲ್ಲಿ ಕೂಗಿಗೆ ಎರಡೂ ಊರಿನಲ್ಲಿ ಒಂದೇ ಅರ್ಥ. ಅದು ನಮಗೆ ಬೇಕಾದ ಅರ್ಥವಲ್ಲ, ಅಷ್ಟೇ.

ನಾಗರತ್ನಮ್ಮ ನಮಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. ಊಟ ಮಾಡುತ್ತ ನಾನೆಂದೆ: "ಹನುಮಂತಪ್ಪಾರೆ, ಬಿಟ್ಟು ಬಿಟ್ಟು ಕೂಗಿಸೋಣ. ಏರಬೇಕು, ಇಳೀಬೇಕು, ಮತ್ತೆ ಏರಬೇಕು. ಅರಳೆ ಗೋಡೌನಿಗೆ ಬೆಂಕಿ ಬಿದ್ದ ದಿನ ಕೂಗಿಸಿದ್ರಲ್ಲ, ಹಂಗೆ."

ಅವರ ತುತ್ತು ಅಲ್ಲೇ ನಿಂತಿತು. "ಅದು ಬ್ಯಾಡ್ರಿ."

ಆ ದಿನ ನನಗೂ ನೆನಪಿದೆ. ಕೂಗು ತುಂಡುತುಂಡಾಗಿ ಬಂದದ್ದೇ ಅವ್ವ ಬರಿಗಾಲಲ್ಲಿ ಮಿಲ್ಲಿನ ಗೇಟಿಗೆ ಓಡಿದ್ದಳು, ಅವಳ ಹಿಂದೆ ನಾನು. ಒಬ್ಬರಿಗೂ ಏನೂ ಆಗಲಿಲ್ಲ. ಕೂಗು ಕೇಳಿ ಎಲ್ಲರೂ ಹೊರಗೆ ಬಂದಿದ್ದರು. ಮಸಿ ಬಳಿದ ಮುಖದ ಅಪ್ಪನನ್ನು ಕಂಡು ಅವ್ವ ಬೀದಿಯಲ್ಲೇ ಅವರಿಗೆ ಬೈದಳು.

"ನಿಮಗೆ ಗೊತ್ತಿಲ್ಲ ಮಂಜಣ್ಣ," ಎಂದರು ಹನುಮಂತಪ್ಪನವರು. "ಗೇಟಿನಾಗೆ ಆ ಹೆಂಗಸ್ರು ಅತ್ತಿದ್ದು ನಾನು ಮ್ಯಾಲಿಂದ ನೋಡೀನಿ. ಅವತ್ತೇ ಅಂದ್ಕೊಂಡೆ, ಇನ್ನೊಂದ್ಸಲ ಹಂಗೆ ಒತ್ತಂಗಿಲ್ಲ ಅಂತ. ಎದೆ ಒಡಕೊಂತಾರ್ರಿ."

ನಾಗರತ್ನಮ್ಮ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಒಡಕೊಳ್ಳಿ ಬಿಡ್ರಿ ಯಜಮಾನ್ರೆ. ಎದೆ ಝಲ್ ಅಂದ್ರೇನೇ ಕಾಲು ಏಳೋದು. ನಿಮ್ಮ ಮಿಲ್ಲಿನಾಗೆ ಅವತ್ತು ಎಲ್ರೂ ಉಳಿದ್ರಲ್ಲ? ನಮ್ಮವ್ವನ್ನೂ ಉಳಿಸ್ರಿ."

ಹನುಮಂತಪ್ಪನವರು ರೊಟ್ಟಿ ಮುಗಿಸಿ, ಕೈ ತೊಳೆದು, ಗಿರಣಿಯ ಮಾಳಿಗೆಯ ಮೆಟ್ಟಿಲು ಹತ್ತಿದರು. ನಾಗರತ್ನಮ್ಮ ಮನೆ ಮನೆಗೆ ಹೋಗಿ ಹೇಳಿ ಬಂದರು: "ಒಂದೇ ಉಸಿರಿಗೆ ಕೂಗಿದ್ರೆ ಪಾಳಿ. ಏರಿ ಇಳಿದ್ರೆ ಹೊಳೆ." ನನಗೆ ನನ್ನದೇ ಚಿಂತೆ. ಪದೇ ಪದೇ ಆನ್ ಆಫ್ ಮಾಡಿದರೆ ಕಾಯಿಲ್ ಕಾಯುತ್ತದೆ. ಎಲ್ಲರೆದುರು ನನ್ನ ವೈಂಡಿಂಗ್ ಸುಟ್ಟರೆ ಎರಡೂ ಊರಿನಲ್ಲಿ ಮಾನ ಹೋಗುತ್ತದೆ. "ಹತ್ತು ಎಣಿಸಿ ಬಿಡ್ರಿ, ಐದು ಎಣಿಸಿ ಒತ್ರಿ. ಮೋಟಾರಿನ ಮೇಲೆ ಕೈಯಿಡಿ, ತಡೆಯದಷ್ಟು ಬಿಸಿಯಾದ್ರೆ ನಿಲ್ಲಿಸ್ರಿ," ಎಂದು ಹೇಳಿ, ಗಡಿಯಾರ ಹಿಡಿದು ಕೇರಿಗಿಳಿದೆ.

ಎರಡೂವರೆಗೆ ಕೂಗು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಪರೀಕ್ಷೆ ಎಂದು ಗೊತ್ತಿದ್ದೂ ನಾನೇ ಒಮ್ಮೆ ಹೊಳೆಯ ಕಡೆ ತಿರುಗಿ ನೋಡಿದೆ. ಬಾಗಿಲುಗಳು ತೆರೆದವು. ಹೆಂಗಸರು ಕೂಸುಗಳನ್ನೆತ್ತಿಕೊಂಡು, ಗಂಡಸರು ಅಕ್ಕಿ ಚೀಲ ಹೊತ್ತುಕೊಂಡು ಮೇಲಕ್ಕೆ ನಡೆದರು. ಒಬ್ಬಾಕೆ ಮಿಕ್ಸಿ ಎದೆಗವುಚಿಕೊಂಡು ಹೊರಟಿದ್ದಳು. ಕಡೆಯ ಮನೆಯಿಂದ ನಾಲ್ಕು ಮಂದಿ ಮಂಚ ಎತ್ತಿದರು. ನಾಗರತ್ನಮ್ಮ ತಾಯಿಯ ತಲೆ ಹಿಡಿದುಕೊಂಡು ಪಕ್ಕದಲ್ಲೇ ನಡೆದರು. ಹೋದ ವರ್ಷ ಮಂಚ ವಾಲಿದ ಅದೇ ತಿರುವಿನಲ್ಲಿ ಎಲ್ಲರೂ ನಿಂತು, ಮಂಚವನ್ನು ಓರೆ ಮಾಡಿ, ನಿಧಾನಕ್ಕೆ ದಾಟಿಸಿದರು. ಶಾಲೆಯ ಜಗುಲಿಯಲ್ಲಿ ಮಂಚ ಇಳಿಸಿದಾಗ ನನ್ನ ಗಡಿಯಾರದಲ್ಲಿ ಹದಿನೆಂಟು ನಿಮಿಷವಾಗಿತ್ತು. ಮೋಟಾರು ಬೆಚ್ಚಗಾಗಿತ್ತು, ಸುಟ್ಟಿರಲಿಲ್ಲ.

ಸೈರನ್ನಿನ ಪೆಟ್ಟಿಗೆಗೆ ಎರಡು ಬೀಗದ ಕೈ. ಒಂದು ಗಿರಣಿಯಲ್ಲಿ, ಇನ್ನೊಂದು ನಾಗರತ್ನಮ್ಮನ ಸೆರಗಿನ ತುದಿಯಲ್ಲಿ. ಹನುಮಂತಪ್ಪನವರು ಅವರ ಬಾಯಿಂದ ಮೂರು ಸಲ ಹೇಳಿಸಿದರು: ಹತ್ತಕ್ಕೆ ಬಿಡು, ಐದಕ್ಕೆ ಒತ್ತು.

ನಾಲ್ಕರ ಬಸ್ಸು ಹಿಡಿದೆವು. ತಲೆಗೆ ನಾಲ್ಕು ರೂಪಾಯಿ, ಸೀಟೂ ಸಿಕ್ಕಿತು. "ಬಾತಿ ಯಾರ್ರೀ, ಬಾತಿ!" ಎಂದು ಕಂಡಕ್ಟರ್ ಕೂಗಿದಾಗ ಹನುಮಂತಪ್ಪನವರು ಗದರಿದರು: "ಯಾವ ಬಾತಿ ಅಂತ ಬಿಡಿಸಿ ಹೇಳೋ ಮಾರಾಯ!" ಬಸ್ಸು ನಕ್ಕಿತು. ಅವರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿದರು.

"ನಾನು ಮ್ಯಾಲಿದ್ದೆ, ಏನೂ ಕಾಣಲಿಲ್ಲ. ಆ ಅಜ್ಜಿ ಹೆದರಿಕೊಂಡ್ಲಾ? ಅತ್ಲಾ?"

ನಾನು ಕಂಡದ್ದು ಹೇಳಿದೆ. ಮಂಚ ಇಳಿಸಿದ ಕೂಡಲೇ ಅಜ್ಜಿ ಅಳಲಿಲ್ಲ. ಆಡುವ ಬಲಗೈಯಿಂದ ತನ್ನ ಸೀರೆಯ ಅಂಚನ್ನು ಹುಡುಕಿ, ಹಿಡಿದು, ಬೆರಳಲ್ಲಿ ಹೊಸಕಿ ನೋಡಿದಳು. ಆಮೇಲೆ ಸೆರಗು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, ತೊದಲುತ್ತ ಒಂದೇ ಮಾತು ಅಂದಳು: "ಒಣಗೈತೆ."

ಹನುಮಂತಪ್ಪನವರು ಕಿಟಕಿಯ ಕಡೆ ಮುಖ ಮಾಡಿದರು. ದಾವಣಗೆರೆ ಹತ್ತಿರಾದಾಗ ಮತ್ತೆ ಕೇಳಿದರು: "ಪೂರಾ ಒಣಗಿತ್ತಾ?"

"ಪೂರಾ ಒಣಗಿತ್ತು."

ಬಸ್‌ ಸ್ಟ್ಯಾಂಡಿನಲ್ಲಿ ಇಳಿದಾಗ, ಬೆಳಿಗ್ಗೆಯಿಂದ ಮೀನಮೇಷ ಎಣಿಸುತ್ತಿದ್ದ ಮಳೆ ಒಮ್ಮೆಲೇ ಸುರಿಯತೊಡಗಿತು. ಟವೆಲ್ಲನ್ನು ಅವರು ಸೈರನ್ನಿನ ಮೇಲೆಯೇ ಬಿಟ್ಟುಬಂದಿದ್ದರು. ಇಬ್ಬರೂ ತೊಯ್ದು ತೊಪ್ಪೆಯಾದೆವು. ಹನುಮಂತಪ್ಪನವರು ನೀರಿಳಿಯುವ ತಮ್ಮ ಖಾಕಿ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ಹೊಸಕಿ ನೋಡಿ, ಆ ದಿನದಲ್ಲಿ ಮೊದಲ ಸಲ ನಕ್ಕರು.